ಕ್ಯಾಮೆರಾಕ್ಕೆ ಕಾಣದವಳು

ಭುವನೇಶ್ವರಿಗೆ ಒಂದು ಸಣ್ಣ ಚಿಂತೆ ಇತ್ತು. ಅದನ್ನು ಡೈರಿಗೆ ಮಾತ್ರ ಹೇಳಿಕೊಂಡಿದ್ದಳು: 'ನಾನು ಬಂದದ್ದೂ ಹೋದದ್ದೂ ಯಾರಿಗೂ ಗೊತ್ತಾಗುವುದಿಲ್ಲ. ನಾಳೆ ಕರಜಗಿ ಶಾಲೆಯ ಮಕ್ಕಳಿಗಾದರೂ ಕಾಣಿಸುತ್ತೇನೋ ಇಲ್ಲವೋ.'

ಎರಡು ವರ್ಷ ಕಾದ ಮೇಲೆ ಸಿಕ್ಕ ಅತಿಥಿ ಶಿಕ್ಷಕಿಯ ಕೆಲಸ. ಗುರುವಾರ ಹತ್ತು ಗಂಟೆಗೆ ಹಾಜರಾಗದಿದ್ದರೆ ಅದು ಪಟ್ಟಿಯಲ್ಲಿ ಅವಳ ಕೆಳಗಿದ್ದವರಿಗೆ ಹೋಗುತ್ತಿತ್ತು.

ಅದರ ಹಿಂದಿನ ದಿನವೇ ಅಪ್ಪ ಹಣಮಂತರಾಯರು ಮನೆಗೆ ಕ್ಯಾಮೆರಾ ಹಾಕಿಸಬೇಕೆ? ಓಣಿಯಲ್ಲಿ ಯಾರದೋ ತೊಗರಿ ಚೀಲ ಕಳುವಾಗಿತ್ತು. ಹಾಕಲು ಬಂದವನು ಅರುಣಕುಮಾರ. ಮೊಳೆ ಹೊಡೆಯುವಾಗಲೂ ಭಾಷಣ ಮಾಡುವ ಜಾತಿಯ ಎಕ್ಸ್‌ಪರ್ಟ್.

"ಎಲ್ಲಾ ನನ್ನ ಮ್ಯಾಗ ಬಿಡ್ರಿ ಸಾವಕಾರ್ರ. ಈಗ ಅತನೂರಾಗ ಒಂದು ಹಚ್ಚೇ ಬಂದೀನಿ. ಅಂಗಳದಾಗ ಇರಿವಿ ಹಾದ್ರೂ ನಿಮ್ಮ ಫೋನಿನಾಗ ಕಾಣ್ತದ."

ಅವನು ಹೋದ ಮೇಲೆ ರಾಯರು ಪಡಸಾಲೆಯಲ್ಲಿ ಫೋನು ಹಿಡಿದು ಕೂತರು. "ಭುವನಿ, ಅಂಗಳದಾಗ ನಿಂದ್ರು, ನೋಡಮು."

ಭುವನೇಶ್ವರಿ ಹೋಗಿ ನಿಂತಳು. ಫೋನಿನಲ್ಲಿ ಫರಸಿ ಕಲ್ಲಿನ ಅಂಗಳವಿತ್ತು. ನಡುವೆ ಒಂದು ಕೋಳಿ ಕೆದಕುತ್ತಿತ್ತು.

"ನಿಂತೀ?"

"ನಿಂತೇನಿ ಅಪ್ಪಾ."

"ಇಲ್ಲ. ನೀ ಇಲ್ಲ."

ಬಾಗಿಲಿನಿಂದ ಹಣಿಕಿ ನೋಡಿದರೆ ಮಗಳಿದ್ದಾಳೆ, ಫೋನು ನೋಡಿದರೆ ಇಲ್ಲ. ಎರಡರಲ್ಲಿ ಯಾವುದನ್ನು ನಂಬಬೇಕೆಂದು ರಾಯರು ಕ್ಷಣ ಯೋಚಿಸಿ, ಫೋನನ್ನು ನಂಬಿದರು. ಕಣ್ಣಿಗೆ ಅರವತ್ತು ವರ್ಷವಾಗಿತ್ತು, ಕ್ಯಾಮೆರಾ ಹೊಸದು.

"ನಮ್ಮನ್ಯಾಗ ಕೋಳಿ ಎಲ್ಲೀವು?" ಎಂದಳು ಅವ್ವ ಗುರುಶಾಂತಮ್ಮ.

ರಾಯರು ಎಕ್ಸ್‌ಪರ್ಟ್‌ಗೆ ಫೋನು ಹಚ್ಚಿದರು. "ದೊಡ್ಡ ಲೆನ್ಸ್ ಅದರಿ, ಮಂದಿ ಮನಿ ಕೋಳೀನೂ ಹಿಡೀತದ. ಹುಡುಗಿ ಕಾಣವಲ್ಲಳ? ಮಷೀನ್ ಸುಳ್ಳು ಹೇಳಂಗಿಲ್ರಿ. ಹುಡುಗಿದೇ ಏನರೆ ಫಾಲ್ಟ್ ಇರಬೇಕು."

ಹಾಲಿನ ವಾಸನೆಗೆ ಬೆಕ್ಕು ಬಂದ ಹಾಗೆ ಪಕ್ಕದ ಮನೆಯ ಸುಭದ್ರಾಬಾಯಿ ಬಂದಳು. "ಹಗರ ನಡೀತಾಳ್ರಿ ಇಕಿ, ಕ್ಯಾಮೆರಾಕ್ಕ ಹತ್ತಂಗಿಲ್ಲ. ಜಿಗಿ ಬೇ! ಕೈ ಬೀಸು! ತಾಟು ಬಡಿ!"

ಎಂ.ಎ. ಪಾಸಾದ ಭುವನೇಶ್ವರಿ ಊಟದ ತಾಟು ಬಡಿಯುತ್ತ ಅಂಗಳದ ತುಂಬ ಜಿಗಿದಳು. ಫೋನಿನಲ್ಲಿ ಕೋಳಿ ಕೂಡ ತಲೆ ಎತ್ತಲಿಲ್ಲ.

ಆಮೇಲೆ ಫೋನಿನ ಚಿತ್ರದಲ್ಲಿ ಬಾಗಿಲು ತೆರೆಯಿತು. ತಲೆ ತುಂಬ ಬಿಳಿ ಸೆರಗು ಹೊದ್ದ ಮುದುಕಿಯೊಬ್ಬಳು ಹೊರಗೆ ಬಂದು ಕಲ್ಲಿನ ಮೇಲೆ ಕೂತಳು. ಸೆರಗು ಸರಿಪಡಿಸಿಕೊಂಡಳು. ನಂತರ ನಿಧಾನವಾಗಿ ಮುಖವೆತ್ತಿ, ಫೋನು ನೋಡುತ್ತಿದ್ದ ಮೂವರನ್ನೂ ನೋಡಿದಳು.

"ಅಯ್ಯ ಶಿವನ! ಗುರುಶಾಂತಕ್ಕ, ನಿಮ್ಮತ್ತಿ!" ಎಂದು ಚೀರಿದಳು ಸುಭದ್ರಾಬಾಯಿ.

ಅತ್ತೆ ತೀರಿಹೋಗಿ ಮೂರು ವರ್ಷವಾಗಿತ್ತು. ಗುರುಶಾಂತಮ್ಮನ ಕೈಯ ಮೊರ ಜಾರಿ ಜೋಳವೆಲ್ಲ ಚೆಲ್ಲಿತು. "ಹಿಂಗೇ ಕುಂದರ್ತಿದ್ರು," ಎಂದಳು ಸಣ್ಣ ದನಿಯಲ್ಲಿ.

ಭುವನೇಶ್ವರಿ ಒಳಗೆ ಬಂದು ನೋಡಿದಳು. ಮುದುಕಿ ಆಯಿ ಅಲ್ಲ, ಅಜ್ಜಿಯ ಮುಖವೇ ಬೇರೆ. ಬಾಗಿಲು ತಮ್ಮದಲ್ಲ, ಚಿಲಕ ಎಡಕ್ಕಿದೆ. ಇದು ಬೇರೆ ಯಾರದೋ ಅಂಗಳ. ಹೇಳಬೇಕೆಂದುಕೊಂಡಳು. ಮಾತು ಗಂಟಲ ತನಕ ಬಂದು, ಏನೋ ಮರೆತವರ ಹಾಗೆ ಹಿಂದಿರುಗಿತು.

"ಸತ್ತಾಕಿ ಕಾಣ್ತಾಳ, ಇದ್ದಾಕಿ ಕಾಣವಲ್ಲಳು," ಸುಭದ್ರಾಬಾಯಿ ತೀರ್ಪು ಕೊಟ್ಟಳು. "ಮುದುಕಿ ಇಕಿ ಮೈಯಾಗ ಬಂದು ಕುಂತಾಳ. ನಾಳಿ ಗುರುವಾರ. ಗಾಣಗಾಪುರಕ್ಕ ಕರ್ಕೊಂಡು ಹೋಗಿ ದೆವ್ವ ಬಿಡಸೋ ಮಧ್ಯಾಹ್ನದ ಆರತಿಗಿ ನಿಂದ್ರಸ್ರಿ."

ರಾಯರು ಜೀಪಿನ ಪೀರಪ್ಪನಿಗೆ ಬೆಳಗ್ಗೆ ಆರಕ್ಕೇ ಬರಲು ಹೇಳಿಬಿಟ್ಟರು.

"ನಾಳಿ ನಂದು ಕೆಲಸ..." ಎಂದಳು ಭುವನೇಶ್ವರಿ.

"ಕೆಲಸಕ್ಕ ಹೋಗಾಕ ಮೊದ್ಲು ನೀ ಇರಬೇಕಲ್ಲ ಬೇ!" ಎಂದಳು ಸುಭದ್ರಾಬಾಯಿ.

ಬಾಯಿಂದ ಬಾರದ್ದು ಬೆರಳಿಂದ ಬಂತು. ಕೋಣೆಗೆ ಹೋಗಿ ಅರುಣಕುಮಾರನಿಗೆ ಮೆಸೇಜು ಕಳಿಸಿದಳು: 'ಬೇರೆ ಮನೆಯ ಅಂಗಳ ನಮ್ಮ ಫೋನಿನಲ್ಲಿ ಬರುತ್ತಿದೆ. ದಯವಿಟ್ಟು ಬನ್ನಿ.'

ಹೊತ್ತು ಮುಳುಗುವಾಗ ಅವನು ಬಂದ. ರಾಯರ ಫೋನಿನಲ್ಲಿ ಏನೋ ಒತ್ತಿದ, ನಕ್ಕ.

"ಅತನೂರ ಮುದುಕಿ ಇಲ್ಲಿ ಬಂದಿದ್ಲು, ನಿಮ್ಮ ಹುಡುಗಿ ಅಲ್ಲಿ ಹೋಗಿದ್ಲು. ಅಲ್ಲಿ ಮಂದಿ ಬಾಗಿಲಾ ಹಾಕ್ಕೊಂಡು ಕುಂತಾರ್ರಿ. ಅಂಗಳದಾಗ ಯಾವಳೋ ತಾಟು ಬಡ್ಕೋತ ಕುಣ್ಯಾಕತ್ತಾಳ ಅಂತ!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ತಪ್ಪು ಯಾರದೆಂದು ಒಬ್ಬರೂ ಕೇಳಲಿಲ್ಲ. "ಎಕ್ಸ್‌ಪರ್ಟ್ ಅಂದ್ರ ಹಿಂಗಿರಬೇಕು," ಎಂದರು ರಾಯರು. ಅಂಗಳಕ್ಕೆ ಚಹಾ ಬಂತು. ರಾಯರು ತಮ್ಮ ಫೋನನ್ನು ಮಗಳ ಕೈಗೆ ಕೊಟ್ಟು, ಹೆಂಡತಿಯ ಫೋನಿನಿಂದ ಪೀರಪ್ಪನಿಗೆ ಹಚ್ಚಿದರು.

"ಪೀರಪ್ಪ, ನಾಳಿ ಗಾಡಿ ಬ್ಯಾಡೋ. ಹುಡುಗಿ ಭೇಷ್ ಅದಾಳ..."

ಭುವನೇಶ್ವರಿ ಫೋನು ನೋಡಿದಳು. ಅಪ್ಪ ಇದ್ದ. ಅವ್ವ, ಸುಭದ್ರಾಬಾಯಿ ಇದ್ದರು. ತಾನೂ ಇದ್ದಳು! ಜಡೆಯ ರಿಬ್ಬನ್ನು ಸಹಿತ ಕಾಣುತ್ತಿತ್ತು.

ತನ್ನ ಎಡಗಡೆ ಚಹಾದ ಕಪ್ಪೊಂದು ಗಾಳಿಯಲ್ಲಿ ತಾನೇ ನಿಂತಿತ್ತು. ಅದು ಮೆಲ್ಲಗೆ ಮೇಲೇರಿತು, ವಾಲಿತು, ಮತ್ತೆ ಕೆಳಗಿಳಿಯಿತು.

ಕತ್ತೆತ್ತಿದರೆ ಎಡಗಡೆ ಅರುಣಕುಮಾರ ನಿಂತಿದ್ದ. ತುಟಿಯಿಂದ ಕಪ್ಪು ತೆಗೆದು ಅವಳನ್ನೇ ನೋಡುತ್ತಿದ್ದ.

"ಈಗ ಎಲ್ಲಾ ಸರಿ ಕಾಣ್ತದಲ್ಲ ತಂಗಿ?" ಎಂದ, ಅವಳಿಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. "ಸುಮ್ನ ಹೂಂ ಅನ್ನು. ಮುಂಜಾನಿ ಕರಜಗಿ ಬಸ್ ಹತ್ತು. ನಿಮ್ಮಪ್ಪ ಹೊಲಕ್ಕ ಹೋದ್ಮ್ಯಾಗ ನಾ ಬಂದು ಅಡಗಿಮನ್ಯಾಗೂ ಒಂದು ಕ್ಯಾಮೆರಾ ಹಚ್ಚತೇನಿ. ನಿಮ್ಮವ್ವ ಒಬ್ರೇ ಇರ್ತಾರಲ್ಲ."

ಹೂಂ ಅಂದರೆ ಕರಜಗಿ. ಇನ್ನೇನೇ ಅಂದರೂ ಗಾಣಗಾಪುರ. ಗೋಣು ಅಲ್ಲಾಡಿಸಿದರೂ ಸಾಕಿತ್ತು. ಆಚೆ ಅವ್ವ ಕೆಟಲಿ ಹಿಡಿದು, "ಇನ್ನೊಂದೀಟು ಹಾಕ್ಲೇನ್ರಿ?" ಎನ್ನುತ್ತ ಅವನ ಹತ್ತಿರ ಬರುತ್ತಿದ್ದಳು. ಫೋನಿನಲ್ಲಿ ಆಕೆ ಯಾರೂ ಇಲ್ಲದ ಜಾಗವನ್ನು ನೋಡಿ ನಗುತ್ತಿದ್ದಳು.

"ಇನ್ನ ಹುಚ್ಚುಚ್ಚಾರ ಮಾತಾಡಿದ್ಲಂದ್ರ ನಾಳಿತನಾನೂ ಕಾಯಂಗಿಲ್ಲ ನೋಡು," ರಾಯರು ಪೀರಪ್ಪನಿಗೆ ಹೇಳುತ್ತಿದ್ದರು, "ಈಗಿಂದೀಗ ಗಾಡಿ ತರಸ್ತೇನಿ."

ಭುವನೇಶ್ವರಿ ಬಾಯಿ ತೆರೆದಳು. ಹುಟ್ಟಿದಾಗಿನಿಂದ ಅಷ್ಟು ದೊಡ್ಡ ದನಿ ಅವಳಿಂದ ಬಂದಿರಲಿಲ್ಲ. ಓಣಿಯ ಕೊನೆಯ ಮನೆಗೂ ಕೇಳಿಸಿತು.

"ಅಪ್ಪಾ! ನಮ್ಮ ಅಂಗಳದಾಗ ದೆವ್ವ ಚಾ ಕುಡ್ಯಾಕತ್ತದ!"