ಸ್ವೈಪಿಂಗ್ ಮಷಿನ್ನೂ ಮುಯ್ಯಿಯ ಒಂದು ರೂಪಾಯಿಯೂ

ಗೆದ್ದವರು ಬಾಯಿ ಮುಚ್ಚಿಕೊಂಡಿರಬೇಕು, ಅದೇ ದೊಡ್ಡತನ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಆ ದೊಡ್ಡತನ ಒಗ್ಗುವುದಿಲ್ಲ. ಸೋತಾಗೆಲ್ಲ ಬಾಯಿ ಮುಚ್ಚಿಕೊಂಡೇ ಇದ್ದೇನೆ. ಗೆದ್ದಾಗಲೂ ಮುಚ್ಚಿಕೊಂಡಿದ್ದರೆ ದೇವರು ಈ ಬಾಯಿ ಕೊಟ್ಟದ್ದು ಬರೀ ಮಂಡಕ್ಕಿ ಮುಕ್ಕಲಿಕ್ಕಾ? ಆದ್ದರಿಂದ ಹೇಳಿಯೇ ಬಿಡುತ್ತೇನೆ. ಚನ್ನಗಿರಿಯಲ್ಲಿ ಸ್ವಂತ ಕಾರು ಇಟ್ಟುಕೊಂಡು ಬಾಡಿಗೆ ಹೊಡೆಯುವ ನಾನು ಆದಾಯ ತೆರಿಗೆಯ ಲೆಕ್ಕದಲ್ಲಿ ಗೆದ್ದೆ. ಅದೂ ಹೆಂಡತಿಯ ಎದುರಿಗೆ!

ಎಲ್ಲಕ್ಕೂ ಮೂಲ ಕಾರ್ಡ್ ಉಜ್ಜುವ ಮಷಿನ್. ಸ್ಟ್ಯಾಂಡಿನಲ್ಲಿ ಯಾರ ಹತ್ತಿರವೂ ಇರಲಿಲ್ಲ ಅನ್ನುವುದೊಂದೇ ಕಾರಣಕ್ಕೆ ಅದನ್ನು ತಂದೆ. ಆಯುಧಪೂಜೆಯ ದಿನ ಅದಕ್ಕೂ ಭಕ್ತಿಯಿಂದ ವಿಭೂತಿ ಬಳಿದು, ವಿಭೂತಿ ಸಂದಿಯೊಳಗೆ ಇಳಿದು, ಚೀಟಿ ಹೊರಗೆ ಬಾರದೆ ಮಷಿನ್ ಗೊರಗೊರ ಅಂದದ್ದು ಬೇರೆ ಕಥೆ. ಕಾರ್ಡ್ ಉಜ್ಜಿದಾಗಲೆಲ್ಲ ನೂರಕ್ಕೆ ಇಷ್ಟು ಅಂತ ಕಂಪನಿಯವರು ಚಾರ್ಜು ಮುರಿದುಕೊಳ್ಳುತ್ತಾರೆ. ಮುರಿದುಕೊಳ್ಳಲಿ ಬಿಡು, ಮರ್ಯಾದೆ ಮುಖ್ಯ ಅಂದುಕೊಂಡಿದ್ದೆ.

ಮದುವೆ ಸೀಜನ್ ಶುರುವಾಯಿತು. ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಿಗೆ ಹೋದರೂ ಒಂದೇ ಪಾಡು. ಕಲ್ಯಾಣ ಮಂಟಪದ ಬಾಗಿಲಿಗೆ ಕಾರು ನಿಲ್ಲುವ ಹೊತ್ತಿಗೆ ಹಿಂದಿನ ಸೀಟಿನಿಂದ ದನಿ ಬರುತ್ತದೆ: "ಅಯ್ಯೋ, ಮುಯ್ಯಿ ಮಾಡಾಕೆ ಕ್ಯಾಶೇ ಇಲ್ಲಲ್ಲೋ ಮಾರಾಯ! ಕಾರ್ಡ್ ಉಜ್ಜಿಕೊಂಡು ಒಂದು ಸಾವಿರದ ಒಂದು ಕೊಡು." ಮುಯ್ಯಿಯ ಕವರಿಗೆ ಕಾರ್ಡ್ ಹಾಕಲಿಕ್ಕಾಗುತ್ತದೆಯೇ? ಇಲ್ಲ ಅನ್ನಲು ನನಗೆ ನಾಲಿಗೆ ಏಳುವುದಿಲ್ಲ. ಉಜ್ಜಿಕೊಂಡು ಕೊಟ್ಟೆ. ಒಬ್ಬರಿಗೆ ಕೊಟ್ಟ ಸುದ್ದಿ ಬೀಗರಿಗೆಲ್ಲ ಹಬ್ಬಿತು. ಆಮೇಲೆ ಮದುವೆ ಬಾಡಿಗೆ ಇದ್ದಾಗಲೆಲ್ಲ ಹಿಂದಿನ ದಿನವೇ ಎಟಿಎಂನಿಂದ ನೋಟು ತೆಗೆದು, ಒಂದು ರೂಪಾಯಿ ನಾಣ್ಯಗಳ ಡಬ್ಬಿಯನ್ನು ಸ್ಟೇರಿಂಗ್ ಪಕ್ಕ ಇಟ್ಟುಕೊಂಡೇ ಹೊರಡುತ್ತಿದ್ದೆ. ನಾನು ಡ್ರೈವರೋ ಬ್ಯಾಂಕೋ ನನಗೇ ತಿಳಿಯದ ಹಾಗಾಯಿತು.

ವರ್ಷ ಮುಗಿದು ತೆರಿಗೆ ಲೆಕ್ಕ ಬರೆದುಕೊಡುವ ನಾಗವೇಣಿ ಮೇಡಂ ಹತ್ತಿರ ಹೋದೆವು. ಹೋದೆವು ಅಂದರೆ, ನಾನು ಮತ್ತು ನನ್ನ ಹೆಂಡತಿ ಸುಜಾತ. ಟೈರು ಸವೆದು ಬೋಳಾಗಿದ್ದವು. ಹೊಸದು ಹಾಕಿಸಲು ಅವಳು ಚೀಟಿ ಎತ್ತಿ ಕೂಡಿಸಿದ ದುಡ್ಡು ಅವಳ ಪರ್ಸಿನಲ್ಲಿತ್ತು. ಮೇಡಂ ಮಷಿನ್ ಕಂಪನಿಯ ಲೆಕ್ಕ ನೋಡಿ ಕನ್ನಡಕ ಏರಿಸಿದರು.

"ಏನ್ರೀ, ಇಷ್ಟೊಂದು ದುಡಿದೀರಿ! ತೆರಿಗೆ ಜೋರಾಗೇ ಬರತೈತಿ."

"ಅದು ಬಾಡಿಗೆ ಅಲ್ಲ ಮೇಡಂ, ಮುಯ್ಯಿ ಮಾಡಾಕೆ ಜನಕ್ಕೆ ಕ್ಯಾಶ್ ಕೊಟ್ಟಿದ್ದು."

"ಯಾವುದು ಬಾಡಿಗೆ, ಯಾವುದು ಮುಯ್ಯಿ ಅಂತ ಬರೆದಿಟ್ಟೀರೇನು?"

ನಾನು ಏನೂ ಬರೆದಿಟ್ಟಿರಲಿಲ್ಲ. ಸುಜಾತ ಪರ್ಸನ್ನು ಎದೆಗೆ ಅವುಚಿಕೊಂಡು, "ಈ ದುಡ್ಡು ತೆರಿಗೆಗೆ ಕಟ್ಟಿ, ಈ ಟೈರಿನಾಗೆ ಜಗಳೂರಿಗೆ ಹೋದ್ರೆ ನೀವು ವಾಪಸ್ ಬರೋದು ಹೆಂಗೆ?" ಅಂದಳು. ಮೇಡಂ ಒಂದೊಂದೇ ಮೊತ್ತ ಗಟ್ಟಿಯಾಗಿ ಓದುತ್ತಾ ಹೋದರು. "ಐನೂರಾ ಒಂದು. ಎರಡು ಸಾವಿರ. ಸಾವಿರದ ಒಂದು. ಸಾವಿರದ ಎಂಟುನೂರು. ಐನೂರಾ ಒಂದು..."

ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. "ನಿಲ್ಸ್ರಿ ಮೇಡಂ! ಕೊನೆಗೆ ಒಂದು ಇರೋದೆಲ್ಲಾ ಮುಯ್ಯಿ!"

"ಬಾಡಿಗೆನೂ ಐನೂರಾ ಒಂದು ಯಾಕಾಗಬಾರದು?"

"ಈ ಸೀಮೆಯಾಗೆ ಬಾಡಿಗೆಗೆ ಒಂದ್ರೂಪಾಯಿ ಜಾಸ್ತಿ ಕೊಟ್ಟೋರು ಇದ್ರೆ ತೋರಿಸ್ರಿ, ಅವರ ಪಾದ ತೊಳೀತೀನಿ! ಐವತ್ತು ಬಿಡು ಅಂತಾರೆ, ನೂರು ಬಿಡು ಅಂತಾರೆ. ಅದೇ ಜನ ಮುಯ್ಯಿಗೆ ಕೊನೆಗೆ ಸೊನ್ನೆ ಇರೋ ಮೊತ್ತ ಕೊಡ್ತಾರಾ? ನೀವೇ ಕೊಡ್ತೀರಾ?"

ಮೇಡಂಗೆ ನಗು ಬಂತು. ಆದರೂ ಬಿಡಲಿಲ್ಲ. "ಸರಿ, ನೀವು ಕೊಟ್ಟ ಕ್ಯಾಶ್ ಎಲ್ಲಿಂದ ಬಂತು?"

"ನನ್ನ ಖಾತೆಯಿಂದಲೇ ಬಂತು. ಬ್ಯಾಂಕಿನ ಪಟ್ಟಿ ತೆಗೀರಿ. ಪ್ರತಿ ಮದುವೆ ಹಿಂದಿನ ದಿನ ಎಟಿಎಂ ಮುಂದೆ ನಿಂತೀನಿ."

ತೆಗೆದರು. ತಾಳೆ ನೋಡಿದರು. ಹಿಂದಿನ ದಿನ ಖಾತೆಯಿಂದ ಹೊರಗೆ, ಮರುದಿನ ಮಷಿನ್ನಿಂದ ಒಳಗೆ, ಕೊನೆಗೊಂದು ಒಂದು! ಕ್ಯಾಶ್ ತಗೊಂಡ ಜನರಿಂದ ಒಂದು ಮಾತು ಬರೆಸಿ ತನ್ನಿ ಅಂದರು. ಮಾರನೆಯ ದಿನವೇ ಹೊರಟು ಊರೂರು ಸುತ್ತಿದೆ. ಎಲ್ಲರೂ ಚಹ ಕುಡಿಸಿ ಸಹಿ ಹಾಕಿಕೊಟ್ಟರು. ಸುಜಾತಳನ್ನು ಕರೆದುಕೊಂಡು ಮತ್ತೆ ಹೋದಾಗ, ಆ ಕಾಗದ ನೋಡಿ ಮೇಡಂ ಮುಯ್ಯಿಯನ್ನೆಲ್ಲ ಆದಾಯದಿಂದ ತೆಗೆದು ಹಾಕಿದರು. ಕಟ್ಟಬೇಕಾದ ತೆರಿಗೆ ಏನೂ ಉಳಿಯಲಿಲ್ಲ. ಟೈರಿನ ದುಡ್ಡು ಟೈರಿಗೇ ಉಳಿಯಿತು! ನಾನು ಮೀಸೆ ತಿರುವಿ, ಸುಜಾತಳ ಕಡೆ ನೋಡಿ, "ಹೆಂಗೆ?" ಅಂದೆ. ಅವಳು ನಿಜವಾಗಿಯೂ ನಕ್ಕಳು. ನನ್ನ ಖುಷಿಗೆ ಪಾರವೇ ಇರಲಿಲ್ಲ.

ಅಲ್ಲಿಗೇ ಎದ್ದು ಬಂದಿದ್ದರೆ ಚೆನ್ನಾಗಿತ್ತು. ಗೆದ್ದ ಹುರುಪು ನೋಡಿ, "ಮೇಡಂ, ಮಷಿನ್ನವರು ಮುರಿದುಕೊಂಡ ಚಾರ್ಜನ್ನೂ ಖರ್ಚಿಗೆ ಬರಕೊಳ್ರಿ" ಅಂದೆ.

"ಬಾಡಿಗೆ ಮೇಲಿನದು ಬರಕೊಂಡೀನಿ. ಮುಯ್ಯಿ ಮೇಲಿನದು ಬರೋದಿಲ್ಲ. ಅದು ವ್ಯಾಪಾರ ಅಲ್ಲ ಅಂತ ಈಗತಾನೆ ನೀವೇ ಸಾಬೀತು ಮಾಡಿದ್ರಲ್ಲ? ಆ ಚಾರ್ಜು ನಿಮ್ಮ ಕೈಯಿಂದಲೇ ಹೋಗಿದ್ದು."

ನಾನು ಮೀಸೆಯಿಂದ ಕೈ ತೆಗೆದೆ. ಸುಜಾತ ಪರ್ಸಿನ ಜಿಪ್ ಎಳೆದು ಎದ್ದು ನಿಂತಳು.

"ಹಂಗಾದ್ರೆ ಈ ವರ್ಷ ನಾಲ್ಕು ತಾಲ್ಲೂಕಿನ ಮದುವೆಗೆಲ್ಲ ನೀವೂ ಮುಯ್ಯಿ ಹಾಕೀರಿ ಅಂದಂಗಾತು. ಆದ್ರೂ ಊಟಕ್ಕೆ ಕರೆಯೋರಿಲ್ಲ ಅಂತ ಬಿಗುಮಾನ ಮಾಡ್ಕೊಂಡು, ಕಾರಿನಾಗೆ ಕುಂತು ನನ್ನ ಬುತ್ತಿನೇ ಉಂಡು ಬಂದೀರಲ್ರೀ!"