ಜಾಸ್ತಿಯಾದ ಉಸಿರು

ಮೇಷ್ಟ್ರ ಹೆಂಡತಿಯ ತಮ್ಮ ಬೆಳಿಗ್ಗೆ ಫೋನಿನಲ್ಲಿ ಪುಕ್ಕಟೆ ಸಲಹೆಯೊಂದನ್ನು ಕೊಡದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಸಂದರ್ಶನದ ಭಯವಾದರೆ ಜೋರಾಗಿ ಉಸಿರಾಡಬೇಕೆಂದು ಅವನು ಹೇಳಿದ್ದ. ಮೇಷ್ಟ್ರು ಆ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಹಂಗಾಮಿಯಾಗಿ ಶರೀರಶಾಸ್ತ್ರ ಪಾಠ ಹೇಳುತ್ತಿದ್ದರು. ಖಾಯಂ ಆಗಲು ಇದೇ ಕಡೆಯ ಅವಕಾಶ. ಮುಂದಿನ ವರ್ಷ ವಯಸ್ಸು ಮೀರುತ್ತಿತ್ತು. ಭಯವಾಗದೆ ಇರುತ್ತದೆಯೇ? ಕಾರಿಡಾರಿನ ಬೆಂಚಿನ ಮೇಲೆ ಕೂತು ಕುಲುಮೆಯ ತಿದಿಯಂತೆ ಬುಸುಗುಡತೊಡಗಿದರು.

ಸ್ವಲ್ಪ ಹೊತ್ತಿಗೆ ತುಟಿ ಜುಮ್ಮೆಂದಿತು. ಆಮೇಲೆ ತಲೆ ತಿರುಗಿ, ಕೈಬೆರಳುಗಳು ಕೋಳಿಕಾಲಿನಂತೆ ಸೊಟ್ಟಗಾದವು. ಗ್ರಂಥಪಾಲಕರು ಓಡಿ ಬಂದು ಇದು ಹೃದಯದ್ದೇ ಎಂದು ತೀರ್ಪು ಕೊಟ್ಟರು. ಟೈಪಿಸ್ಟ್ ಫೈಲಿನಿಂದ ಗಾಳಿ ಬೀಸುತ್ತ, ಇನ್ನೂ ಜೋರಾಗಿ ಉಸಿರೆಳೆಯಲು ಅಪ್ಪಣೆ ಮಾಡಿದಳು. ಅಷ್ಟರಲ್ಲಿ ಒಳಗಿನಿಂದ ಮೇಷ್ಟ್ರ ಸರದಿ ಕೂಗಿದರು. ಅವರ ಅವಸ್ಥೆ ನೋಡಿ ಜವಾನ ಸರದಿಯನ್ನು ಕಡೆಗೆ ತಳ್ಳಿಸಿ ಬಂದ.

"ಗಾಳಿ ಬೇಡ," ಮೇಷ್ಟ್ರು ತೊದಲಿದರು, "ಇಂಗಾಲದ ಡೈಆಕ್ಸೈಡ್ ಬೇಕು."

"ಪಾಪ, ವಿಷ ಕೇಳ್ತಿದಾರೆ," ಎಂದು ಟೈಪಿಸ್ಟ್ ಕಣ್ಣೊರೆಸಿಕೊಂಡಳು.

ಅವರ ಮಾತನ್ನು ಮಾತೆಂದು ಕೇಳಿದವಳು ಒಬ್ಬಳೇ, ಅದೇ ಕೆಲಸಕ್ಕೆ ಅರ್ಜಿ ಹಾಕಿ ಅದೇ ಬೆಂಚಿನಲ್ಲಿ ಕೂತಿದ್ದ ಅವರ ಹಳೆಯ ಶಿಷ್ಯೆ. ಎಲ್ಲರನ್ನೂ ಆಚೆ ಕಳಿಸಿ, "ಸರ್, ಇಂಗಾಲದ ಡೈಆಕ್ಸೈಡ್ ಕಮ್ಮಿ ಆದ್ರೆ ಬೆರಳ್ಯಾಕೆ ಸೊಟ್ಟಗಾಗುತ್ತೆ?" ಎಂದು ಕೇಳಿದಳು.

ಪ್ರಾಣ ಹೋಗುತ್ತಿದ್ದರೂ ಮೇಷ್ಟ್ರು ಮೇಷ್ಟ್ರೇ. ಸೊಟ್ಟ ಬಾಯಲ್ಲೇ ಪಾಠ ಶುರುವಾಯಿತು. ಆ ಅನಿಲ ಬರೀ ಕಸವಲ್ಲ, ಬಹುಪಾಲು ಬೈಕಾರ್ಬನೇಟಾಗಿ ರಕ್ತದಲ್ಲಿ ಸಾಗುತ್ತ ಹುಳಿ-ಕ್ಷಾರದ ಹದ ಕಾಯುತ್ತದೆ. ಏದುಸಿರಿನಲ್ಲಿ ಅದನ್ನು ಹೊರದಬ್ಬಿದರೆ ರಕ್ತ ಕ್ಷಾರವಾಗಿ, ಕ್ಯಾಲ್ಸಿಯಂ ಪ್ರೋಟೀನಿಗೆ ಅಂಟಿಕೊಂಡು, ನರಗಳು ಲಗಾಮು ತಪ್ಪುತ್ತವೆ. ನಿಧಾನವಾಗಿ ಉಸಿರಾಡಿದರೆ ಸಾಕು. ಶಿಷ್ಯೆ ಪಕ್ಕದಲ್ಲಿ ಕೂತು ಒಂದೊಂದೇ ಉಸಿರು ಎಣಿಸಿದಳು. ಬೆರಳು ನೆಟ್ಟಗಾಗುತ್ತ ಬರುವಾಗ ಅವಳನ್ನು ಒಳಗೆ ಕರೆದರು. ಎಂಥ ಹುಡುಗಿ ಎಂದು ಮೇಷ್ಟ್ರು ಅವಳು ಹೋದ ಬಾಗಿಲಿನತ್ತ ಕೈಯೆತ್ತಿ ಹರಸಿದರು.

ಕಡೆಗೆ ಅವರ ಸರದಿ ಬಂತು. ಸಂದರ್ಶನ ಸಮಿತಿಯ ಅಧ್ಯಕ್ಷರು ಕೇಳಿದ್ದು ಒಂದೇ ಪ್ರಶ್ನೆ, ಅತಿಯಾಗಿ ಉಸಿರಾಡಿದರೆ ರಕ್ತಕ್ಕೆ ಏನಾಗುತ್ತದೆ ಎಂದು. ಮೇಷ್ಟ್ರ ಮುಖ ಅರಳಿತು. ತುಟಿ ಜುಮ್ಮೆನ್ನುವುದರಿಂದ ಹಿಡಿದು ಕೋಳಿಕಾಲಿನವರೆಗೆ ಒಂದನ್ನೂ ಬಿಡದೆ ಹೇಳಿದರು.

ಅಧ್ಯಕ್ಷರು ಪೆನ್ನು ಕೆಳಗಿಟ್ಟರು.

"ಅಕ್ಷರಕ್ಷರ ಇದನ್ನೇ ಆ ಹುಡುಗಿ ಹೇಳಿ ಹೋದ್ಲು. ಯಾರನ್ನೋ ಕೈಯಾರೆ ಬದುಕಿಸಿದಾಳಂತೆ, ಅದು ಅನುಭವದ ಮಾತು. ನೀವು ಬಾಗಿಲ ಹತ್ರ ನಿಂತು ಕೇಳಿಸ್ಕೊಂಡು ಬಂದು ಒಪ್ಪಿಸಬಾರದಾಗಿತ್ತು, ಮೇಷ್ಟ್ರೇ."