ಚರಗವೆಂಬ ಗೊಬ್ಬರ

ಊಟಕ್ಕೆ ಕುಳಿತು "ಉಪ್ಪು ಕಡಿಮೆ" ಎಂದು ಮುಖ ಕಿವುಚುವ ಹಕ್ಕು ನಮ್ಮ ವಂಶದ ಗಂಡಸರಿಗೆ ತಲೆತಲಾಂತರದಿಂದ ಬಂದದ್ದು. ಅಜ್ಜ ಅದನ್ನು ಚಲಾಯಿಸಿದರು, ಅಪ್ಪ ಚಲಾಯಿಸಿದರು. ನನ್ನ ಸರದಿ ಬರುವ ಹೊತ್ತಿಗೆ ಅದು ಕೈತಪ್ಪಿ ಹೋಯಿತು. ಕಾರಣ ಇಷ್ಟೇ, ಜರ್ಮನಿಯ ನಮ್ಮ ಮನೆಯಲ್ಲಿ ಉಪ್ಪು ಹಾಕುವವನೇ ನಾನು.

ನನ್ನ ಹೆಸರು ಪರಮಾನಂದ. ಊರು ಲೋಕಾಪುರ. ಮುಧೋಳದ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕುರ್ಚಿ, ಫ್ಯಾನು, ಚಹಾ ಎಲ್ಲ ಇದ್ದ ನೌಕರಿ ಮಾಡುತ್ತಿದ್ದೆ. ಹೆಂಡತಿ ರಾಜಶ್ರೀಗೆ ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ನಾನು ಅವಳ ಪಾಸ್‌ಪೋರ್ಟಿನ ಬೆನ್ನು ಹತ್ತಿ ಬಂದೆ. ಬೆಳಿಗ್ಗೆ ಜರ್ಮನ್ ಕ್ಲಾಸು, ಮಧ್ಯಾಹ್ನದಿಂದ ನಾನು ಗೃಹಕೃತ್ಯ ಧುರಂಧರ, ಪಾಕಶಾಲಾಧಿಪತಿ. (ಪಾತ್ರೆ ತೊಳೆಯುವವನಿಗೂ ಒಂದು ದೊಡ್ಡ ಬಿರುದು ಹುಡುಕುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ.) ನಾನು ಬಡಿದ ಮೊದಲ ಜೋಳದ ರೊಟ್ಟಿ ನಡುವೆ ಹರಿದು ಹೋದಾಗ ರಾಜಶ್ರೀ ಅದನ್ನು ಎರಡು ರೊಟ್ಟಿ ಎಂದು ಲೆಕ್ಕ ಹಿಡಿದು ನನಗೆ ಧೈರ್ಯ ತುಂಬಿದಳು. ಆಮೇಲೆ ಕೈ ಕುದುರಿತು.

ಈ ಊರಲ್ಲಿ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಊರಾಚೆ ಒಂದೊಂದು ತುಣುಕು ಜಾಗ ಕೊಡುತ್ತಾರೆ. ಕಾಯಿಪಲ್ಲೆ ಬೆಳೆದುಕೊಳ್ಳಲಿ ಅಂತ. ಅದನ್ನೆಲ್ಲ ನೋಡಿಕೊಳ್ಳಲು ಒಂದು ತೋಟದ ಸಂಘ. ಮೊದಲ ವರ್ಷ ಪರೀಕ್ಷೆಯ ವರ್ಷ. ನಡತೆ ನೋಡಿ ಸಂಘದವರು ಸಭೆ ಸೇರಿ ಕೈ ಎತ್ತಿದರೆ ಜಾಗ ಕಾಯಂ. ಇಲ್ಲದಿದ್ದರೆ ಸಲಿಕೆ ಕೊಟ್ಟು ಮನೆಗೆ ಬರಬೇಕು.

ರಾಜಶ್ರೀಗೆ ಅಂಥ ಒಂದು ತುಣುಕು ಸಿಕ್ಕಿತ್ತು. ನಮ್ಮೂರ ಕಡೆ ಎತ್ತಿನ ಗಾಡಿ ತಿರುಗಿಸಲಿಕ್ಕೂ ಸಾಲದಷ್ಟು ಜಾಗ. ಅದಕ್ಕೆ ಅವಳು ಹೊಲ ಎಂದೇ ಕರೆದಳು. ಅನಗವಾಡಿಯಲ್ಲಿ ಹೊಳೆದಂಡೆಯ ಹೊಲದಲ್ಲಿ ಆಡಿ ಬೆಳೆದವಳು. ಈ ದೇಶಕ್ಕೆ ಬಂದ ಮೇಲೆ ಡ್ಯೂಟಿ, ನಿದ್ದೆ, ಮತ್ತೆ ಡ್ಯೂಟಿ ಎಂದು ಮಾತೇ ಕಡಿಮೆಯಾಗಿದ್ದ ಹೆಣ್ಣು ಮೊದಲ ದಿನ ಮಣ್ಣಿಗೆ ಕೈ ಹಾಕಿ ಮೆಂತ್ಯೆ ಬಿತ್ತಿದಾಗ ನನ್ನ ಜೊತೆ ಜಗಳ ತೆಗೆದಳು, ಸಾಲು ಸೊಟ್ಟ ಹೊಡೆದಿದ್ದೀರಿ ಎಂದು. ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ನನ್ನ ಹಳೆಯ ರಾಜಶ್ರೀ ಮರಳಿ ಬಂದಿದ್ದಳು.

"ಈ ತುಣುಕು ಹೊಲಾ ಕಾಯಂ ಆದ್ರ ನಾ ಇಲ್ಲಿ ಇರ್ತೀನ್ರಿ," ಎಂದಿದ್ದಳು ಒಮ್ಮೆ.

"ಇಲ್ಲಂದ್ರ?"

"ಇಲ್ಲಂದ್ರೂ ಇರ್ತೀನಿ. ಆದ್ರ ಇದ್ದಂಗ ಇರೂದಿಲ್ಲ."

ಹೀಗಾಗಿ ಆ ವರ್ಷವಿಡೀ ನಾನು ತೋಟದಲ್ಲಿ ಹೊಸ ಅಳಿಯನ ಹಾಗೆ ಬಗ್ಗಿ ನಡೆದೆ. ಬೇಲಿಯಾಚೆಯ ತುಣುಕು ಫ್ರೌ ಬ್ರಿಂಕ್‌ಮನ್ ಅವರದು. (ಫ್ರೌ ಎಂದರೆ ನಮ್ಮ ಕಡೆಯ ಬಾಯಾರು ಇದ್ದ ಹಾಗೆ.) ಸಂಘದ ಕಾರ್ಯದರ್ಶಿ ಅವರೇ. ಮೊದಲ ದಿನವೇ ಬೆರಳೆತ್ತಿ ಹೇಳಿದ್ದರು, ಬೇಯಿಸಿದ ಅನ್ನಾಹಾರ ಮಣ್ಣಿಗೆ ಬೀಳಕೂಡದು, ಇಲಿ ಹೆಗ್ಗಣ ಬರುತ್ತವೆ. ನಾನು ಇಲಿಗಳ ಪರವಾಗಿ ಕ್ಷಮೆ ಕೇಳುವವನಂತೆ ತಲೆ ಆಡಿಸಿದ್ದೆ.

ಅಕ್ಟೋಬರ್ ಬಂತು. ಸಭೆ ಹತ್ತಿರವಾಯಿತು. ಒಂದು ಸಂಜೆ ಅನಗವಾಡಿಯಿಂದ ನನ್ನ ಅತ್ತೆ ಮಾದೇವಿಯವರ ವಿಡಿಯೋ ಕಾಲ್ ಬಂತು. ಫೋನಿನ ತುಂಬ ಎಳ್ಳು ಹುರಿಯುವ ಹೊಗೆ, ಹೊಗೆಯ ಹಿಂದೆ ಅತ್ತೆಯ ಅರ್ಧ ಮುಖ.

"ಶೀಗಿ ಹುಣ್ಣಿವಿ ಬಂತು ಅಳಿಯಾರ. ಹೊಲಕ್ಕ ಹೋಗಿ ಚರಗ ಚೆಲ್ಲಬೇಕು. ಹೋಳಿಗಿ, ಕಡಬು, ಬದನಿಕಾಯಿ, ಪುಂಡಿಪಲ್ಲೆ, ಒಂದ ಎರಡ? ರಾಜೂ, ನಿಮ್ಮ ಹೊಲಕ್ಕ ಏನ ಮಾಡೀರಿ?"

ಶೀಗಿ ಹುಣ್ಣಿಮೆಯ ಹೊತ್ತಿಗೆ ಪೈರು ಹೊಡೆ ತುಂಬಿರುತ್ತದೆ. ಭೂಮಿತಾಯಿ ಬಸುರಿ ಎಂದು ನಮ್ಮ ಕಡೆಯವರ ನಂಬಿಕೆ. ಬಸುರಿಯ ಬಯಕೆ ತೀರಿಸಲು ಮನೆಮಂದಿಯೆಲ್ಲ ಅಡಿಗೆ ಹೊತ್ತು ಹೊಲಕ್ಕೆ ಹೋಗಿ, ಅದನ್ನು ಬೆಳೆಯ ಮೇಲೆ ಚೆಲ್ಲಿ, ಆಮೇಲೆ ತಾವು ಉಣ್ಣುತ್ತಾರೆ. ಅದೇ ಚರಗ. ಅತ್ತೆ ಫೋನು ಇಟ್ಟ ಮೇಲೆ ರಾಜಶ್ರೀ ನನ್ನ ಕಡೆ ತಿರುಗಿದಳು.

"ನಮ್ಮ ಹೊಲಕ್ಕೂ ಚರಗ ಚೆಲ್ಲೂಣೇನ್ರಿ? ಆಕೀನೂ ನಮಗ ವರ್ಷಪೂರ್ತಿ ಕೊಟ್ಟಾಳ. ಬಾಯಾರನ್ನ ಒಂದು ಮಾತ ಕೇಳಿ ಮಾಡಿದ್ರಾತು."

ಇಲ್ಲಿ ನನ್ನ ತಲೆಯಲ್ಲಿ ಒಂದು ದಿವ್ಯ ಉಪಾಯ ಹೊಳೆಯಿತು. ನನಗೆ ಉಪಾಯ ಹೊಳೆದಾಗಲೆಲ್ಲ ಮನೆಯಲ್ಲಿ ಏನಾದರೊಂದು ಒಡೆಯುತ್ತದೆ, ಆದರೂ ಹೊಳೆಯುವುದು ನಿಂತಿಲ್ಲ.

"ಕೇಳಿದ್ರ ಇಲ್ಲ ಅಂತಾರ," ಎಂದೆ. "ಹುಣ್ಣಿವಿ ಪುಣ್ಯಾಕ್ಕ ರವಿವಾರ ಬಂದೈತಿ. ಮುಂಜಾನೆ ಬಾಯಾರು ಚರ್ಚಿಗೆ ಹೋಗಿರ್ತಾರ. ನಾವು ಚೆಲ್ಲಿ, ಮಣ್ಣ ಮುಚ್ಚಿ, ಮನಿಗೆ ಬಂದುಬಿಡೂಣು."

"ಪೂಜಿ ಮಾಡಾಕ ಕಳ್ಳರಂಗ ಹೋಗೂದೇನ್ರಿ?"

"ಭಕ್ತಿ ಒಳಗ ಇರಬೇಕ ರಾಜಶ್ರೀ, ಹೊರಗ ತೋರಿಸೂದಲ್ಲ." ಇಷ್ಟು ಗಂಭೀರವಾಗಿ ಹೇಳಿದೆನೆಂದರೆ ಅವಳು ಅಡಿಗೆಯ ಸಾಮಾನಿನ ಪಟ್ಟಿ ಬರೆಯಲು ಕುಳಿತಳು.

ಶನಿವಾರ ಪೂರ್ತಿ ಅಡಿಗೆ. ಅತ್ತೆ ಫೋನಿನಲ್ಲಿ, ಫೋನು ಸಕ್ಕರೆ ಡಬ್ಬಿಯ ಮೇಲೆ, ನಾನು ಒಲೆಯ ಮುಂದೆ. ಪುಂಡಿಪಲ್ಲೆ ಸಿಗಲಿಲ್ಲ. ಇಲ್ಲಿಯ ಒಂದು ಹುಳಿಸೊಪ್ಪಿಗೆ ಪುಂಡಿಪಲ್ಲೆಯ ಪದವಿ ಕೊಟ್ಟೆ. ಬದನೆಕಾಯಿ ಒಂದೊಂದೂ ಕುಂಬಳಕಾಯಿಯಷ್ಟು ದಪ್ಪ, ನಾಲ್ಕು ಸೀಳು ಮಾಡಿ ಮಸಾಲೆ ತುಂಬಿದರೆ ಹೊಟ್ಟೆ ಇನ್ನೂ ಖಾಲಿ. ಸಜ್ಜೆ ರೊಟ್ಟಿ ಬಡಿದೆ. ಶೇಂಗಾ ಹೋಳಿಗೆಯನ್ನಂತೂ ಹಟಕ್ಕೆ ಬಿದ್ದು ಮಾಡಿದೆ.

"ಅಳಿಯಾರ, ಹೋಳಿಗಿ ಭಾಳ ತೆಳ್ಳಗ ಬಂದಾವ," ಎಂದರು ಅತ್ತೆ. "ನಮ್ಮ ರಾಜೂಗ ಜನ್ಮದಾಗ ಇಷ್ಟು ತೆಳ್ಳಗ ಬಂದಿಲ್ಲ."

ರಾಜಶ್ರೀ ಹಿಂದೆ ನಿಂತು ನಕ್ಕಳು. ನನಗೆ ಹೆಮ್ಮೆಪಡಬೇಕೋ ನಾಚಬೇಕೋ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಮಂಜು ಮುಸುಕಿತ್ತು. ಬುಟ್ಟಿ ಹೊತ್ತು ತೋಟಕ್ಕೆ ಹೋದೆವು. ಐದು ಕಲ್ಲು ಹುಡುಕಿ ಪಾಂಡವರೆಂದು ಸಾಲಾಗಿ ಇಟ್ಟು, ಸುಣ್ಣವಿಲ್ಲದ್ದಕ್ಕೆ ಅಕ್ಕಿಹಿಟ್ಟು ಬಳಿದು ಪೂಜೆ ಮಾಡಿದೆವು. ಚರಗ ಚೆಲ್ಲುವಾಗ ಮುಂದಿನವರು "ಹುಲ್ಲುಲ್ಲಿಗೋ" ಎಂದು ಕೂಗುತ್ತ ಚೆಲ್ಲಬೇಕು, ಹಿಂದಿನವರು "ಸಲಾಂಬ್ರಿಗೋ" ಎಂದು ನೀರು ಹಾಕುತ್ತ ಬರಬೇಕು.

"ಸಣ್ಣ ದನಿಲೇ ಕೂಗೂಣು," ಎಂದು ಎಚ್ಚರಿಸಿದೆ.

ಮೊದಲ ಹಿಡಿ ಸಣ್ಣ ದನಿಯಲ್ಲೇ ಚೆಲ್ಲಿದೆ. ಎರಡನೆಯದಕ್ಕೆ ಮೈಯಲ್ಲಿ ಏನೋ ಹೊಕ್ಕಂತಾಯಿತು. ಲೋಕಾಪುರದ ನಮ್ಮ ಹೊಲ, ಅಪ್ಪನ ದನಿ, ಬದುವಿನ ಮೇಲಿನ ಊಟ ಎಲ್ಲ ಒಮ್ಮೆಲೇ ನೆನಪಾಗಿ ಕಣ್ಣು ತುಂಬಿತು. ಯಾವ ಜರ್ಮನಿ, ಯಾವ ಸಂಘ. ಬುಟ್ಟಿಯಲ್ಲಿದ್ದುದನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ಬಾಚಿ, "ಹುಲ್ಲುಲ್ಲಿಗೋ" ಎಂದು ಮುಧೋಳಕ್ಕೆ ಕೇಳುವಂತೆ ಕೂಗುತ್ತ ಚೆಲ್ಲಿದೆ. ಹಿಂದಿನಿಂದ "ಸಲಾಂಬ್ರಿಗೋ" ಬರಲಿಲ್ಲ. ತಿರುಗಿದೆ. ರಾಜಶ್ರೀ ತಂಬಿಗೆ ತುಂಬಲು ಆ ತುದಿಯ ನಲ್ಲಿಗೆ ಹೋಗಿದ್ದಳು. ಅವಳ ಬದಲು ಬೇಲಿಯ ಮೇಲೆ ಫ್ರೌ ಬ್ರಿಂಕ್‌ಮನ್ ಅವರ ಮುಖವಿತ್ತು. ಚರ್ಚಿಗೆ ಹೋಗಬೇಕಾದವರು ನೆಗಡಿಯಾಗಿ ಹೋಗಿರಲಿಲ್ಲ.

"ಏನನ್ನು ಎಸೆಯುತ್ತಿದ್ದೀರಿ?" ಎಂದು ಕೇಳಿದರು.

ಬಸುರಿ, ಬಯಕೆ, ಭೂಮಿತಾಯಿ, ಇವು ಯಾವುವೂ ನನ್ನ ಜರ್ಮನ್ ಕ್ಲಾಸಿನಲ್ಲಿ ಇನ್ನೂ ಬಂದಿರಲಿಲ್ಲ. ಹೋದ ವಾರದ ಪಾಠ ಕೃಷಿಯ ಬಗ್ಗೆ ಇತ್ತು. ಬಾಯಿಂದ ಆ ಪಾಠದ ಶಬ್ದವೇ ಬಂತು.

"ಗೊಬ್ಬರ. ಭಾರತದ ಸಾವಯವ ಗೊಬ್ಬರ."

"ಕೂಗಿದ್ದು?"

"ಹಕ್ಕಿ ಓಡಿಸಲು."

ಅವರು ಬೇಲಿಯಿಂದ ಕೈ ಚಾಚಿ ಮಣ್ಣಿನ ಮೇಲಿದ್ದ ಒಂದು ಹೋಳಿಗೆಯ ತುಂಡು ಎತ್ತಿ, ಮೂಸಿ ನೋಡಿ, ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರು. ಅಷ್ಟರಲ್ಲಿ ರಾಜಶ್ರೀ ಬಂದಳು.

"ಬಾಯಾರು ಏನಂದ್ರು?"

"ಹವಾ ಛಲೋ ಐತಿ ಅಂದ್ರು."

"ಈ ಮಂಜಿನಾಗ?"

"ಅವರಿಗೆ ಹಿಂಗ ಸೇರತೈತಿ," ಎಂದು ಬುಟ್ಟಿ ಎತ್ತಿಕೊಂಡೆ.

ಮುಂದಿನ ಶನಿವಾರ ತೋಟದ ಗುಡಿಸಲಿನಲ್ಲಿ ಸಭೆ. ಹೊರಡುವಾಗ ನೋಡುತ್ತೇನೆ, ರಾಜಶ್ರೀ ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬಿ. ಒಳಗೆ ನಾನು ಮಾಡಿ ಮಿಕ್ಕಿದ್ದ ಶೇಂಗಾ ಹೋಳಿಗೆ.

"ಅದ್ಯಾಕ?"

"ನಾಕು ಮಂದಿ ಇದ್ದಲ್ಲಿ ಬರೇ ಕೈಲೆ ಹೋಗತಾರೇನ್ರಿ? ಬಾಯಿ ಸಿಹಿ ಮಾಡಿದ್ರ ಕೈ ತಾನ ಮ್ಯಾಲೇಳತಾವು."

ಬೇಡವೆನ್ನಲು ಕಾರಣ ಬೇಕಲ್ಲ. ಇದ್ದ ಕಾರಣವನ್ನು ಹೇಳುವ ಹಾಗಿರಲಿಲ್ಲ. ಹಿಂದಿನಿಂದ ನಡೆದೆ.

ಗುಡಿಸಲಿನ ತುಂಬ ಜನ. ರಾಜಶ್ರೀ ನಗುನಗುತ್ತ ಡಬ್ಬಿ ತೆರೆದು ಒಬ್ಬೊಬ್ಬರ ಮುಂದೆ ಹಿಡಿದಳು. "ತೆಗೆದುಕೊಳ್ಳಿ, ನನ್ನ ಗಂಡ ತಮ್ಮ ಕೈಯಾರೆ ಮಾಡಿದ್ದು." ಮೊದಲನೆಯ ಮುದುಕರು ಡಬ್ಬಿಯನ್ನೂ ನನ್ನನ್ನೂ ನೋಡಿ ಕುರ್ಚಿ ಹಿಂದೆ ಸರಿಸಿದರು. ಎರಡನೆಯವರು ಮೂಗಿನ ಹತ್ತಿರ ಕೈ ತಂದು ಇಳಿಸಿದರು. ನಮ್ಮ ಕಡೆ ಬೇಡ ಎಂದರೆ ಇನ್ನೊಮ್ಮೆ ಕೇಳಿ ಎಂದು ಅರ್ಥ. ಆದ್ದರಿಂದ ರಾಜಶ್ರೀ ಇನ್ನೊಮ್ಮೆ ಕೇಳಿದಳು, ಮತ್ತೊಮ್ಮೆ ಕೇಳಿದಳು, ಒಬ್ಬರ ಕೈಯಲ್ಲಿ ಇಟ್ಟೇಬಿಟ್ಟಳು. ಆ ಪುಣ್ಯಾತ್ಮ ಅದನ್ನು ಬೆಂಕಿಕೆಂಡದಂತೆ ಹಿಡಿದು ಕುಳಿತರು. ಹಿಂದಿನ ಸಾಲಿನ ಒಬ್ಬ ಹೆಂಗಸು ಮಾತ್ರ ಸಂತೋಷದಿಂದ ಎರಡು ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡರು.

"ನನ್ನ ಗುಲಾಬಿ ಗಿಡಗಳಿಗೆ," ಎಂದರು.

ರಾಜಶ್ರೀ ನಿಂತಲ್ಲೇ ನಿಂತಳು. "ಗಿಡಕ್ಕೆ?"

"ನಿಮ್ಮ ಯಜಮಾನರೇ ಹೇಳಿದರಲ್ಲ, ಇದು ಗೊಬ್ಬರ," ಎಂದರು ಫ್ರೌ ಬ್ರಿಂಕ್‌ಮನ್.

ರಾಜಶ್ರೀ ನನ್ನ ಕಡೆ ತಿರುಗಿದಳು. ಕನ್ನಡದಲ್ಲಿ, ಬಹಳ ಮೆಲ್ಲಗೆ ಕೇಳಿದಳು. "ಗೊಬ್ಬರೇನ್ರಿ? ವಾರಪೂರ್ತಿ ನಾ ಡಬ್ಬಿಗೆ ಕಟಗೊಂಡು ಹೋಗಿ ತಿಂದದ್ದು ಗೊಬ್ಬರೇನು?"

ಗಂಡನಾದವನು ಭೂಮಿ ಬಾಯಿ ಬಿಡಬಾರದೇ ಎಂದುಕೊಳ್ಳುವ ಹೊತ್ತು ಅದು. ಆದರೆ ಆ ಭೂಮಿಗೇ ನಾನು ಸುಳ್ಳು ಹೆಸರು ಹೇಳಿ ಉಣಿಸಿದ್ದೆ, ಅವಳು ಯಾಕೆ ನನ್ನ ಮಾತು ಕೇಳಿಯಾಳು. ಎದ್ದು ನಿಂತು, ಬಂದಷ್ಟು ಜರ್ಮನ್‌ನಲ್ಲಿ ಒಪ್ಪಿಕೊಂಡೆ. ಇದು ಗೊಬ್ಬರವಲ್ಲ, ಊಟ. ಸುಳ್ಳು ಹೇಳಿದವನು ನಾನು, ಇವಳಿಗೆ ಗೊತ್ತಿಲ್ಲ.

ಸಂಘದ ಅಧ್ಯಕ್ಷರು ಕನ್ನಡಕ ತೆಗೆದರು. "ಹಾಗಾದರೆ ಬೇಯಿಸಿದ ಆಹಾರ. ನಿಯಮ ಸ್ಪಷ್ಟವಾಗಿದೆ. ಜಾಗ ಕೊಡಲು ಆಗುವುದಿಲ್ಲ."

ರಾಜಶ್ರೀಯ ಮುಖ ಬಾಡಿತು. ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟು, ರೋಗಿಗಳ ಮನೆಯವರಿಗೆ ತಿಳಿಸಿ ಹೇಳುವ ಆ ಸಮಾಧಾನದ ದನಿಯಲ್ಲಿ ಹೇಳಿದಳು. "ನಮ್ಮ ಊರಲ್ಲಿ ಈ ತಿಂಗಳು ಭೂಮಿಯನ್ನು ಬಸುರಿ ಎನ್ನುತ್ತೇವೆ. ಬಸುರಿಗೆ ಏನೇನೋ ತಿನ್ನುವ ಆಸೆ. ಮೊದಲು ಅವಳಿಗೆ ಕೊಟ್ಟು ಆಮೇಲೆ ನಾವು ಉಣ್ಣುತ್ತೇವೆ. ಒಂದು ತುತ್ತು ಕೊಟ್ಟರೂ ಅವಳಿಗೆ ಸಾಕು. ಬುಟ್ಟಿ ತುಂಬ ಚೆಲ್ಲಿದ್ದು ನಮ್ಮ ಯಜಮಾನರ ಉತ್ಸಾಹ. ಇಲ್ಲಿ ನನ್ನದು ಅಂತ ಇರುವುದು ಆ ಒಂದು ತುಣುಕು ಮಣ್ಣು. ಅದಕ್ಕೆ ಉಪವಾಸ ಕೆಡವಲು ಮನಸ್ಸಾಗಲಿಲ್ಲ."

ಫ್ರೌ ಬ್ರಿಂಕ್‌ಮನ್ ಮೂಗು ಒರೆಸಿಕೊಂಡರು. ನೆಗಡಿಯೋ ಬೇರೆಯೋ ಗೊತ್ತಾಗಲಿಲ್ಲ. "ಕೇಳಿದ್ದರೆ, ಒಂದು ತಟ್ಟೆಯಲ್ಲಿಟ್ಟು ಸಂಜೆ ತೆಗೆಯಿರಿ ಅನ್ನುತ್ತಿದ್ದೆ. ಯಾಕೆ ಕೇಳಲಿಲ್ಲ?"

ರಾಜಶ್ರೀ ನನ್ನನ್ನು ನೋಡಿದಳು, ಅಷ್ಟೇ. ಇಡೀ ಸಂಘ ಅವಳ ಜೊತೆ ನನ್ನನ್ನು ನೋಡಿತು.

"ಇದು ಊಟವೇ ಆಗಿದ್ದರೆ," ಎಂದರು ಅಧ್ಯಕ್ಷರು, "ಮೊದಲು ಅವರು ತಿಂದು ತೋರಿಸಲಿ."

ಹೀಗೆ ನಾನು ತುಂಬಿದ ಸಭೆಯಲ್ಲಿ ನಿಂತುಕೊಂಡು, ನನ್ನ ಬಾಯಿಂದಲೇ ಗೊಬ್ಬರವೆಂದು ಹೆಸರಾದ ಹೋಳಿಗೆಯನ್ನು ತಿಂದೆ. ವಾರದ ಹೋಳಿಗೆ, ಗಂಟಲಲ್ಲಿ ನಿಂತಿತು. ರಾಜಶ್ರೀ ನೀರು ಕೊಡಲಿಲ್ಲ. "ಇನ್ನೊಂದು ತಿನ್ರಿ," ಎಂದಳು. ಇನ್ನೊಂದು ತಿಂದೆ. ನಾನು ಸಾಯಲಿಲ್ಲವೆಂದು ಖಾತ್ರಿಯಾದ ಮೇಲೆ ಫ್ರೌ ಬ್ರಿಂಕ್‌ಮನ್ ಒಂದು ಮೂಲೆ ಮುರಿದು ಬಾಯಿಗೆ ಹಾಕಿಕೊಂಡರು. ಅಗಿದರು. ಪೂರ್ತಿ ತೆಗೆದುಕೊಂಡರು. ಹಿಂದಿನ ಸಾಲಿನ ಹೆಂಗಸು ಗುಲಾಬಿಯ ಪಾಲನ್ನು ಚೀಲದಿಂದ ಹೊರಗೆ ತೆಗೆದು ತಾವೇ ತಿಂದರು. ಡಬ್ಬಿ ಖಾಲಿಯಾಯಿತು, ಕೈಗಳು ಮೇಲೆದ್ದವು. ತಟ್ಟೆಯ ಷರತ್ತಿನ ಮೇಲೆ ಹೊಲ ಕಾಯಂ. ರಾಜಶ್ರೀ ಅಳುತ್ತ ನಕ್ಕಳು. ನನಗೂ ತಡೆಯಲಾಗಲಿಲ್ಲ, ಶೇಂಗಾದ ಕೆಮ್ಮು ಎಂದು ಹೇಳಿದೆ.

ಹೊರಡುವಾಗ ಫ್ರೌ ಬ್ರಿಂಕ್‌ಮನ್ ರಾಜಶ್ರೀಯನ್ನು ಬಾಗಿಲ ಹತ್ತಿರ ನಿಲ್ಲಿಸಿದರು. ಈ ಸಲ ಅವರ ಕುಂಬಳಕಾಯಿ ಸರಿಯಾಗಿ ಬಂದಿಲ್ಲವಂತೆ. ಮುಂದಿನ ವರ್ಷ ಅವರ ತುಣುಕಿಗೂ ಒಂದು ತಟ್ಟೆ ಇಡಬಹುದೇ ಎಂದು ಕೇಳಿದರು. ಕೇಳಿಸಿಕೊಂಡ ಅಧ್ಯಕ್ಷರು ತಮ್ಮದಕ್ಕೂ ಎಂದರು. ಆಮೇಲೆ ಗುಡಿಸಲಿನಲ್ಲಿದ್ದವರೆಲ್ಲ ಒಬ್ಬರ ಹಿಂದೊಬ್ಬರು ತಮ್ಮ ತಮ್ಮ ಮಣ್ಣಿನ ಕಷ್ಟ ಹೇಳಿಕೊಳ್ಳುತ್ತ ಬಂದರು. ನಾನು ಗಾಬರಿಯಾಗಿ ರಾಜಶ್ರೀಯ ಸೆರಗು ಜಗ್ಗಿದೆ.

"ಅಷ್ಟೂ ಹೊಲಕ್ಕ ಹೂಂ ಅಂದಿಯೇನು?"

"ಭೂಮಿತಾಯಿ ನಮ್ಮ ಬೇಲಿ ಒಳಗ ಅಷ್ಟ ಇರ್ತಾಳೇನ್ರಿ? ಎಲ್ಲಾರ ತುಣುಕಿನಾಗೂ ಆಕೀನ ಅದಾಳ."

"ಖರೆ. ಆದ್ರ ಅಷ್ಟು ಅಡಿಗಿ ಮಾಡಾವ್ರು ಯಾರು?"

ಅವಳು ಖಾಲಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು.

"ಗೊಬ್ಬರದ ಕಾರ್ಖಾನಿ ನಿಮ್ಮದಲ್ಲೇನ್ರಿ."